ಓಬವ್ವನಿಗೆ ಒನಕೆ, ಅಲಮೇಲುಗೆ ಕಣ್ಣೀರು

1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೆಡವುವ ಓಬವ್ವನಾಗಿ ಅವರು ಒಂದು ಹಾಡಿನಲ್ಲಿ ಬಂದು ಹೋಗುತ್ತಾರೆ. ಐವತ್ತು ವರ್ಷ ಕಳೆದರೂ ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಹುಡುಗಿಯರು ಆ ಹಾಡಿಗೆ ಕಚ್ಚೆ ಸೀರೆ ಉಟ್ಟು ಕುಣಿಯುತ್ತಾರೆ. ಅದೇ ಚಿತ್ರದಲ್ಲಿ ಅಲಮೇಲು ಎಂಬ ಇನ್ನೊಬ್ಬ ಹೆಣ್ಣುಮಗಳಿದ್ದಾಳೆ. ಆರತಿಯವರು ಅಭಿನಯಿಸಿದ ಪಾತ್ರ. ಅವಳು ರಾಮಾಚಾರಿಯನ್ನು ಮೆಚ್ಚಿದ್ದಾಳೆ. ಆದರೆ ಅವಳು ಯಾರ ಕೈ ಹಿಡಿಯಬೇಕೆಂಬುದು ನಿರ್ಧಾರವಾಗುವುದು ಚಾಮಯ್ಯ ಮೇಷ್ಟ್ರು ಮತ್ತು ರಾಮಾಚಾರಿಯ ನಡುವೆ. ಗುರು ಕೇಳುತ್ತಾರೆ, ಶಿಷ್ಯ ಬಿಟ್ಟುಕೊಡುತ್ತಾನೆ, ಅದು ತ್ಯಾಗ ಎನಿಸಿಕೊಳ್ಳುತ್ತದೆ. ಮದುವೆಯಾಗಿ ಹೋದ ಅಲಮೇಲು ಮತ್ತೆ ಅವನ ಕಣ್ಣಿಗೆ ಬೀಳುವಾಗ ಮೈ ಮಾರಿಕೊಳ್ಳುವ ಸ್ಥಿತಿಗೆ ತಳ್ಳಲ್ಪಟ್ಟಿರುತ್ತಾಳೆ. ಆ ದೃಶ್ಯದಲ್ಲೂ ನಾವು ಹೆಚ್ಚು ಮರುಗುವುದು ರಾಮಾಚಾರಿಯ ಎದೆಯ ನೋವಿಗೆ.

ಒಂದೇ ಚಿತ್ರ, ಒಂದೇ ಊರು, ಒಬ್ಬನೇ ದೊಡ್ಡ ನಿರ್ದೇಶಕ. ಇನ್ನೂರು ವರ್ಷದ ಹಿಂದಿನ ಹೆಣ್ಣಿಗೆ ಒನಕೆ ಸಿಕ್ಕಿತು. ಪಕ್ಕದ ಮನೆಯ ಹೆಣ್ಣಿಗೆ ಸಿಕ್ಕಿದ್ದು ಕಣ್ಣೀರು. ನಮ್ಮ ಸಿನಿಮಾದ ಬಹುಪಾಲು ಚರಿತ್ರೆ ಈ ಹಂಚಿಕೆಯ ಮೇಲೆಯೇ ನಡೆದಿದೆ ಎಂಬುದು ನನ್ನ ವಾದ. ಪ್ರತಿರೋಧವನ್ನು ರಾಣಿಯರಿಗೆ, ವೀರವನಿತೆಯರಿಗೆ, ದೇವಿಯರಿಗೆ ಕೊಟ್ಟೆವು. ಇವತ್ತು ಬದುಕಿರುವವಳಿಗೆ ಸಾವು, ಹುಚ್ಚು ಅಥವಾ ಒಬ್ಬ ಗಂಡಸಿನ ಆಸರೆಯನ್ನು ಬಿಟ್ಟೆವು. ಬದುಕಿರುವ ಹೆಣ್ಣುಮಕ್ಕಳು ನಾಲ್ಕು ಜನ ಸೇರಿ, ವರ್ಷಗಟ್ಟಲೆ ತಾಳಿಕೊಂಡು ನಡೆಸುವ ಹೋರಾಟ ನಮ್ಮ ಕ್ಯಾಮೆರಾಕ್ಕೆ ಕಂಡದ್ದೇ ಅಪರೂಪ.

ಇದನ್ನು ರೂಪನಗುಡಿಯ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಬಳ್ಳಾರಿ ತಾಲ್ಲೂಕಿನ ಈ ಹೋಬಳಿಯಲ್ಲಿ ಕಪ್ಪು ಮಣ್ಣು, ಹತ್ತಿ, ಜೋಳ, ಮೆಣಸಿನಕಾಯಿ. ಆಂಧ್ರದ ಗಡಿ ಹತ್ತಿರ. ಉತ್ತರಕ್ಕೆ ಕುರುಗೋಡು, ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆ ನೀರು ಮತ್ತು ಭತ್ತ. ಹೊಲದಲ್ಲಿ ಕಳೆ ಕೀಳುವವರು, ಹತ್ತಿ ಬಿಡಿಸುವವರು, ನಾಟಿ ಹಚ್ಚುವವರು ಬಹುತೇಕ ಹೆಂಗಸರು. ಬಳ್ಳಾರಿ ಪೇಟೆಯ ಜೀನ್ಸ್ ಕೆಲಸದಲ್ಲಿ ಹೊಲಿಗೆ, ದಾರ ಕತ್ತರಿಸುವುದು, ಗುಂಡಿ ಹಚ್ಚುವುದು ಅವರ ಕೈಯಲ್ಲೇ ನಡೆಯುತ್ತದೆ. ಈ ಹೆಂಗಸರು ನೋಡುವ ಸಿನಿಮಾ ಕನ್ನಡದ್ದೂ ಹೌದು, ತೆಲುಗಿನದೂ ಹೌದು. ಎರಡು ಭಾಷೆಯ ತೆರೆಗಳಲ್ಲೂ ಇವರು ಎಲ್ಲಿದ್ದಾರೆ ಎಂದು ಹುಡುಕುವುದು ನ್ಯಾಯವಾದ ಪ್ರಶ್ನೆ.

ಮೊದಲು ‘ಗೆಜ್ಜೆ ಪೂಜೆ’ಯನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನಮ್ಮ ನೆಲದ ದೇವದಾಸಿ ಪದ್ಧತಿಯ ಗಾಯಕ್ಕೆ ತೀರ ಹತ್ತಿರದ ಚಿತ್ರ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ 1969ರಲ್ಲಿ ‘ನಾಗರಹಾವು’ ನಿರ್ದೇಶಕ ಪುಟ್ಟಣ್ಣ ಮಾಡಿದ ಈ ಸಿನಿಮಾದಲ್ಲಿ ಕಲ್ಪನಾ ಅಭಿನಯಿಸಿದ ಚಂದ್ರಾ, ಕುಲವೃತ್ತಿಯಿಂದ ಬಿಡಿಸಿಕೊಂಡು ಎಲ್ಲರಂತೆ ಗರತಿಯಾಗಿ ಬಾಳಬೇಕೆಂದು ಹಂಬಲಿಸುತ್ತಾಳೆ. ಸಮಾಜ ಬಿಡುವುದಿಲ್ಲ. ಕಡೆಗೆ ಗೆಜ್ಜೆ ಪೂಜೆಯ ದಿನ ತನ್ನ ಪ್ರಾಣ ತಾನೇ ಕಳೆದುಕೊಳ್ಳುತ್ತಾಳೆ. ಈ ಚಿತ್ರ ಕನ್ನಡ ಪ್ರೇಕ್ಷಕರ ಮನಸ್ಸನ್ನು ಕಲಕಿದ್ದು ನಿಜ. ಅಲ್ಲಿಯವರೆಗೆ ಬೈಗುಳವಾಗಿ ಮಾತ್ರ ಕೇಳಿಬರುತ್ತಿದ್ದ ಒಂದು ವರ್ಗದ ಹೆಣ್ಣುಮಕ್ಕಳನ್ನು ಅದು ಮನುಷ್ಯರನ್ನಾಗಿ ತೋರಿಸಿತು. ಆ ಋಣವನ್ನು ಯಾರೂ ಅಲ್ಲಗಳೆಯಬಾರದು.

ಆದರೆ ಬಳ್ಳಾರಿ ಸೀಮೆಯಲ್ಲಿ ಈ ಪದ್ಧತಿಯ ಬೇರು ಇನ್ನೂ ಆಳದಲ್ಲಿ, ಬೇರೆ ಕಡೆ ಇತ್ತು. ಇಲ್ಲಿ ‘ಬಸವಿ ಬಿಡುವುದು’ ಎನ್ನುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಟ್ಟರೆ ಅವಳು ತವರಿನಲ್ಲೇ ಉಳಿಯುತ್ತಿದ್ದಳು, ಮಗನ ಸ್ಥಾನ ಪಡೆಯುತ್ತಿದ್ದಳು, ಆಸ್ತಿಗೆ ವಾರಸುದಾರಳಾಗುತ್ತಿದ್ದಳು, ಹೆತ್ತವರ ಕ್ರಿಯಾಕರ್ಮಗಳನ್ನೂ ಮಾಡಬಹುದಿತ್ತು. 1890ರ ದಶಕದ ಆರಂಭದಲ್ಲೇ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಳ್ಳಾರಿ ಜಿಲ್ಲೆಯ ಬಸವಿಯರ ಬಗ್ಗೆ ಬರೆಯುತ್ತ, ಅವರಿಗೆ ಗಂಡಸಿನ ಹಕ್ಕುಗಳು ಬರುವುದನ್ನೇ ಮುಖ್ಯವಾಗಿ ಗುರುತಿಸಿದ್ದ. ಇದರ ಕ್ರೌರ್ಯವನ್ನು ಯೋಚಿಸಿ ನೋಡಿ. ಮದುವೆಯಾಗಿ ಹೋಗುವ ಮಗಳಿಗೆ ತಂದೆಯ ಹೊಲದಲ್ಲಿ ಒಂದು ಸಾಲೂ ಇಲ್ಲ. ಹೊಲ ಬೇಕೆಂದರೆ ಅವಳು ಮದುವೆಯನ್ನೇ ಬಿಡಬೇಕು, ಮೈಯನ್ನು ಊರಿಗೆ ಒಪ್ಪಿಸಬೇಕು. ಹೀಗೆ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ದಲಿತ ಹೆಣ್ಣುಮಕ್ಕಳೇ ಹೆಚ್ಚು, ಅವರ ಮನೆಗಳಲ್ಲಿ ಹಂಚಿಕೊಳ್ಳಲು ಹೊಲವೂ ಇರಲಿಲ್ಲ. ಅಲ್ಲಿ ಉಳಿದದ್ದು ಮುದಿ ತಂದೆತಾಯಿಯನ್ನು ಸಾಕುವ ಹೊಣೆ ಮಾತ್ರ.

ಹಾಗಾಗಿ ಈ ಗಾಯದ ಮೂಲ ಜಾತಿಯಲ್ಲಿದೆ, ಆಸ್ತಿಯಲ್ಲಿದೆ. ‘ಗೆಜ್ಜೆ ಪೂಜೆ’ ಅದನ್ನು ಮಾನದ ಪ್ರಶ್ನೆಯಾಗಿ ಕಂಡಿತು. ಗರತಿಯ ಪಟ್ಟ ಸಿಕ್ಕರೆ ಬಿಡುಗಡೆ, ಸಿಗದಿದ್ದರೆ ಸಾವು ಎಂಬ ಎರಡೇ ಬಾಗಿಲು ಚಂದ್ರಾಳ ಮುಂದೆ. ಮದುವೆ ಎಂಬ ಬಾಗಿಲಿನ ಆಚೆ ಇರುವ ಹೆಂಗಸರ ಪಾಡೇನು ಎಂದು ಆ ಚಿತ್ರ ಕೇಳಲಿಲ್ಲ. ಎರಡು ವರ್ಷದ ನಂತರ ‘ಶರಪಂಜರ’ದಲ್ಲಿ ಪುಟ್ಟಣ್ಣನವರೇ ಅದಕ್ಕೆ ಉತ್ತರ ಕೊಟ್ಟರು ಅನ್ನಿಸುತ್ತದೆ. ತ್ರಿವೇಣಿಯವರ ಕಾದಂಬರಿಯ ಕಾವೇರಿ ಗರತಿಯೇ, ತಾಯಿಯೇ, ಒಳ್ಳೆಯ ಮನೆತನದವಳೇ. ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಬಂದವಳನ್ನು ಗಂಡ, ನೆಂಟರು, ನೆರೆಹೊರೆ ಎಲ್ಲರೂ ಸೇರಿ ಮತ್ತೆ ಅದೇ ಆಸ್ಪತ್ರೆಗೆ ಕಳಿಸುತ್ತಾರೆ. ಕನ್ನಡದ ಮನೆಗಳಲ್ಲಿ ಮನೋರೋಗದ ಬಗ್ಗೆ ಬಾಯಿಬಿಟ್ಟು ಮಾತಾಡಲು ಈ ಚಿತ್ರ ಒಂದು ದಾರಿ ಮಾಡಿತು. ಆದರೂ ಒಬ್ಬಳಿಗೆ ಸಾವು, ಇನ್ನೊಬ್ಬಳಿಗೆ ಹುಚ್ಚು. ಆ ಕಾಲದ ನಮ್ಮ ಅತ್ಯಂತ ಸೂಕ್ಷ್ಮ ನಿರ್ದೇಶಕನಿಗೂ ಮೂರನೆಯ ದಾರಿ ಕಾಣಲಿಲ್ಲ.

ಕಾಣಲು ಸಾಧ್ಯವಿತ್ತೇ ಎಂದು ಯಾರಾದರೂ ಕೇಳಬಹುದು. ಸಾಧ್ಯವಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಎಂಬ ಹೆಣ್ಣುಮಗಳು ಮದ್ರಾಸಿನ ಶಾಸನಸಭೆಯಲ್ಲಿ 1920ರ ದಶಕದ ಕೊನೆಯಲ್ಲಿ ಎತ್ತಿದ ಹೋರಾಟ 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯಾಯಿತು. ಅವರ ತಾಯಿಯೇ ದೇವದಾಸಿ ಹಿನ್ನೆಲೆಯವರು. ಅಂದರೆ ‘ಗೆಜ್ಜೆ ಪೂಜೆ’ ತೆರೆಗೆ ಬರುವ 22 ವರ್ಷ ಮೊದಲೇ, ಅದೇ ಕುಲದ ಒಡಲಲ್ಲಿ ಹುಟ್ಟಿದವಳೊಬ್ಬಳು ಡಾಕ್ಟರಾಗಿ, ಶಾಸಕಿಯಾಗಿ, ಕಾನೂನಿಗೆ ಕಾರಣಳಾಗಿದ್ದಳು. ಅಂಥವಳು ಕನ್ನಡದ ಕಥಾನಾಯಕಿ ಆಗಲಿಲ್ಲ. ಕಾನೂನಿನಿಂದಲೇ ಎಲ್ಲ ನಿಂತುಹೋಯಿತೆಂದು ನಾನು ಹೇಳುತ್ತಿಲ್ಲ. 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಬೇಕಾಯಿತು. ಅದಾದ ಮೇಲೂ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿ ಮಹಿಳೆಯರ ಹೆಸರು ದಾಖಲಾಯಿತು. ಅವಿಭಜಿತ ಬಳ್ಳಾರಿ ಜಿಲ್ಲೆಯ ಪಾಲು ಅದರಲ್ಲಿ ಸಣ್ಣದಲ್ಲ.

ಆಸ್ತಿಯ ಮಾತು ಬಂದಾಗ ಗಡಿಯಾಚೆಯ ಒಂದು ಸಂಗತಿ ನೆನಪಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಡುವ ತಿದ್ದುಪಡಿಯನ್ನು ಆಂಧ್ರದಲ್ಲಿ 1980ರ ದಶಕದ ಮಧ್ಯದಲ್ಲಿ ತಂದದ್ದು ಎನ್.ಟಿ. ರಾಮರಾವ್ ಸರ್ಕಾರ. ಕರ್ನಾಟಕದಲ್ಲಿ ಅದು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಬಳ್ಳಾರಿಯ ಹೆಣ್ಣಿಗೆ ಇಲ್ಲದ ಹಕ್ಕು ಹತ್ತಿರದ ರಾಯದುರ್ಗದ ಹೆಣ್ಣಿಗೆ ಸುಮಾರು ಒಂಬತ್ತು ವರ್ಷ ಮೊದಲೇ ಇತ್ತು. ತೆಲುಗು ಜನ ದೇವರೆಂದು ಆರತಿ ಬೆಳಗಿದ ಒಬ್ಬ ಸಿನಿಮಾ ನಾಯಕ ಸರ್ಕಾರದ ಕುರ್ಚಿಯಲ್ಲಿ ಕೂತು ಮಾಡಿದ ಈ ಕೆಲಸಕ್ಕೆ ಅವರ ಉದ್ಯಮದ ಸಿನಿಮಾಗಳಲ್ಲಿ ಪ್ರತಿಧ್ವನಿ ಎಲ್ಲಿದೆ? ತೆಲುಗು ಸಿನಿಮಾ ರಾಯಲಸೀಮೆಯತ್ತ ಕಣ್ಣು ಹೊರಳಿಸಿದಾಗ ಅದಕ್ಕೆ ಕಂಡದ್ದು ಕತ್ತಿ, ಬಾಂಬು, ಸುಮೋ ಗಾಡಿ. 1999ರ ‘ಸಮರಸಿಂಹಾರೆಡ್ಡಿ’ಯಿಂದ ಶುರುವಾಗಿ ಕೆಲವು ವರ್ಷ ನಮ್ಮ ಬಳ್ಳಾರಿಯ ಥಿಯೇಟರುಗಳಲ್ಲೂ ಅದೇ ಅಲೆ. ಆ ಸಿನಿಮಾಗಳಲ್ಲಿ ಹೆಂಗಸರು ಎರಡೇ ಜಾಗದಲ್ಲಿ ನಿಲ್ಲುತ್ತಾರೆ. ಬಿಳಿ ಸೀರೆ ಉಟ್ಟು ಹೆಣದ ಮುಂದೆ, ಇಲ್ಲವೇ ಬಣ್ಣದ ಲಂಗದಲ್ಲಿ ಹಾಡಿನ ಒಳಗೆ. 2003ರ ‘ಒಕ್ಕಡು’ ತಕ್ಕಮಟ್ಟಿಗೆ ಬೇರೆ. ಅಲ್ಲಿ ಬಲವಂತದ ಮದುವೆ ಬೇಡವೆನ್ನುವ ಹುಡುಗಿಯ ಭಯ ನಿಜವಾದದ್ದು. ಆದರೆ ಅವಳು ಮಾಡಬಹುದಾದದ್ದು ಓಡುವುದಷ್ಟೇ, ಉಳಿದದ್ದೆಲ್ಲ ನಾಯಕ ಮಾಡುತ್ತಾನೆ. ನಮ್ಮ ಹುಡುಗರು ಇಂಥವನ್ನು ನೋಡುತ್ತ ಕಲಿಯುವುದು ಏನನ್ನು? ಹೆಣ್ಣಿಗೆ ಅನ್ಯಾಯವಾದರೆ ಅದು ತಮ್ಮ ಪೌರುಷಕ್ಕೆ ಸಿಕ್ಕ ಸಂದರ್ಭ ಎಂಬುದನ್ನು.

ರಂಗನಟ ಬಳ್ಳಾರಿ ರಾಘವರ ಊರಿನಲ್ಲಿ ಹೀಗಾಗಬಾರದಿತ್ತು. ಗಂಡಸರೇ ಸೀರೆ ಉಟ್ಟು ರಂಗಕ್ಕೆ ಬರುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದು, ಹೆಂಗಸರನ್ನು ಗೌರವದಿಂದ ರಂಗಕ್ಕೆ ಕರೆತಂದವರು ಅವರು. 1936ರಲ್ಲಿ ‘ದ್ರೌಪದಿ ಮಾನಸಂರಕ್ಷಣಂ’ ಎಂಬ ತೆಲುಗು ಚಿತ್ರದಲ್ಲಿ ದುರ್ಯೋಧನನಾದರು. ನಮ್ಮ ಬಯಲಾಟಗಳಲ್ಲೂ ದ್ರೌಪದಿ ವಸ್ತ್ರಾಪಹರಣ ಬಹಳ ಪ್ರೀತಿಯ ಪ್ರಸಂಗ. ಬಯಲಾಟ ರಾತ್ರಿಯಿಡೀ ನಡೆಯುವುದರಿಂದ ದ್ರೌಪದಿಗೆ ಮಾತಾಡಲು ಸಮಯ ಸಿಗುತ್ತದೆ. ದುಶ್ಶಾಸನನೊಂದಿಗೆ ಮಾತಿಗೆ ಮಾತು ಬೆಳೆಸುತ್ತಾಳೆ, ಸಭೆಯಲ್ಲಿ ಕೂತ ಹಿರಿಯರನ್ನು ಹೆಸರು ಹಿಡಿದು ಕೇಳುತ್ತಾಳೆ. ಸಿನಿಮಾಕ್ಕೆ ಬಂದಾಗ ಆ ಪ್ರಶ್ನೆಗಿಂತ ಸೀರೆ ಬೆಳೆಯುವ ಚಮತ್ಕಾರವೇ ದೊಡ್ಡದಾಯಿತು. ತಂತ್ರಕ್ಕೆ ಅದು ಸವಾಲು, ಕಣ್ಣಿಗೆ ಹಬ್ಬ. ನ್ಯಾಯ ಕೇಳುತ್ತಿದ್ದವಳು ಕೈಮುಗಿದು ಕಾಯುವವಳಾದಳು. ಕೃಷ್ಣನ ಜಾಗಕ್ಕೆ ಮುಂದೆ ಸಾಮಾಜಿಕ ಚಿತ್ರಗಳ ಹೀರೋ ಬಂದು ಕೂತ, ಅಷ್ಟೇ ಬದಲಾವಣೆ.

ಗಟ್ಟಿ ಬಾಯಿಯ ಹೆಣ್ಣನ್ನು ನಮ್ಮ ಜನಪ್ರಿಯ ಸಿನಿಮಾ ಏನು ಮಾಡಿತೆಂಬುದಕ್ಕೆ ಹೆಚ್ಚು ಹೇಳಬೇಕಿಲ್ಲ. ಪರ್ವತವಾಣಿಯವರು ಷೇಕ್ಸ್‌ಪಿಯರ್‌ನಿಂದ ತಂದ ‘ಬಹದ್ದೂರ್ ಗಂಡ’ ನಾಟಕ 1976ರಲ್ಲಿ ‘ಬಹದ್ದೂರ್ ಗಂಡು’ ಆಯಿತು, 1989ರಲ್ಲಿ ‘ನಂಜುಂಡಿ ಕಲ್ಯಾಣ’ ಆಯಿತು. ಜಂಬದ ಹೆಣ್ಣನ್ನು ಹದಕ್ಕೆ ತರುವ ಕಥೆ ಎರಡು ಸಲವೂ ಗೆದ್ದಿತು. ಆ ಮಾದರಿ ಇವತ್ತಿಗೂ ಧಾರಾವಾಹಿಗಳಲ್ಲಿ ಬದುಕಿದೆ.

ಈಗ ಬೇರೆ ದಾರಿ ತುಳಿದವರ ಕಡೆ ಬರೋಣ. 1977ರ ‘ಘಟಶ್ರಾದ್ಧ’ದಲ್ಲಿ ಗಿರೀಶ್ ಕಾಸರವಳ್ಳಿಯವರು ಕ್ಯಾಮೆರಾವನ್ನು ಎಲ್ಲಿ ಇಟ್ಟರೆಂಬುದು ದೊಡ್ಡ ಸಂಗತಿ. ಬಸುರಾದ ವಿಧವೆ ಯಮುನೆಗೆ ಅವಳ ತಂದೆಯೇ ಬದುಕಿರುವಾಗಲೇ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿಂದ. ಅವನಿಗೆ ಅವಳ ಮೈಮೇಲೆ ಆಸೆಯಿಲ್ಲ, ಅವಳ ಮೇಲೆ ತೀರ್ಪೂ ಇಲ್ಲ, ಪ್ರೀತಿ ಮಾತ್ರ ಇದೆ. ಆ ದಶಕಗಳ ಎಷ್ಟೋ ಜನಪ್ರಿಯ ಚಿತ್ರಗಳಲ್ಲಿ ಅತ್ಯಾಚಾರದ ದೃಶ್ಯ ಬಂದರೆ ಕ್ಯಾಮೆರಾ ನಿಲ್ಲುತ್ತಿದ್ದದ್ದು ಖಳನಾಯಕನ ಪಕ್ಕದಲ್ಲಿ. ಕಥೆ ಹೆಣ್ಣಿನ ಪರ, ಕ್ಯಾಮೆರಾ ಅವಳ ವಿರುದ್ಧ. ಅನ್ಯಾಯವನ್ನು ಖಂಡಿಸುವ ನೆಪದಲ್ಲಿ ಅದನ್ನೇ ಸವಿಯಲು ಕೊಟ್ಟ ಸಿನಿಮಾಗಳನ್ನು ಮಹಿಳಾಪರ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ಎಂ.ಕೆ. ಇಂದಿರಾ ಅವರದೇ ‘ಫಣಿಯಮ್ಮ’ 1983ರಲ್ಲಿ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾ ಆದಾಗ ಫಲ ಬೇರೆಯೇ ಆಯಿತು. ‘ಗೆಜ್ಜೆ ಪೂಜೆ’ಯ ಮೂಲ ಲೇಖಕಿಯೂ ಇಂದಿರಾ ಅವರೇ ಎಂಬುದನ್ನು ಮರೆಯಬಾರದು. ಬಾಲವಿಧವೆ ಫಣಿಯಮ್ಮ ಬದುಕಿಡೀ ತಲೆ ಬೋಳಿಸಿಕೊಂಡು, ಉಪವಾಸ ಮಾಡಿಕೊಂಡು, ಎಲ್ಲರ ಸೇವೆ ಮಾಡಿಕೊಂಡು ಬಂದವಳು. ಮನೆಯ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಿಣಿ ಕೂದಲು ತೆಗೆಸಿಕೊಳ್ಳುವುದಿಲ್ಲ ಎಂದು ತಿರುಗಿ ನಿಂತಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಕತ್ತಿ ಹಿಡಿಯಲಿಲ್ಲ, ಪ್ರಾಣ ಬಿಡಲಿಲ್ಲ. ತನಗಾದದ್ದು ಇನ್ನೊಬ್ಬಳಿಗೆ ಆಗಕೂಡದೆಂದು ಮುದುಕಿಯೊಬ್ಬಳು ಹೇಳಿದಳು, ಅಷ್ಟೇ. ನನ್ನ ಮಟ್ಟಿಗೆ ಕನ್ನಡ ಸಿನಿಮಾದ ಅತ್ಯಂತ ಗಟ್ಟಿ ಪ್ರತಿರೋಧ ಅದು, ಏಕೆಂದರೆ ಅಲ್ಲಿ ಒಬ್ಬ ಹೆಣ್ಣಿಗೆ ಇನ್ನೊಬ್ಬ ಹೆಣ್ಣು ಸಿಕ್ಕಿದಳು.

ಈ ‘ಇನ್ನೊಬ್ಬಳು’ ಬಹಳ ಮುಖ್ಯ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ನ್ಯಾಯ ಸಿಗುವುದಿಲ್ಲ, ಕೂಸು ಸಾಯುತ್ತದೆ. ಆಗ ಊರಿನ ಹೆಂಗಸರೆಲ್ಲ ಮಸೀದಿಯ ಮುತವಲ್ಲಿಗೆ ಹಾಕುವ ಶಾಪವೇ ಆ ಕಥೆಯ ಬೆಂಕಿ. 2004ರಲ್ಲಿ ಕಾಸರವಳ್ಳಿ ಅದನ್ನು ‘ಹಸೀನಾ’ ಮಾಡಿದರು, ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಈ ಚಿತ್ರ ಬಳ್ಳಾರಿ ಜಿಲ್ಲೆಯ ಎಷ್ಟು ಕಾಲೇಜುಗಳಲ್ಲಿ ತೋರಿಸಲ್ಪಟ್ಟಿತು ಎಂದು ಕೇಳಿಕೊಳ್ಳಬೇಕು.

ಹಿಂದಿಯ ಒಂದು ಚಿತ್ರ ನಮ್ಮ ನೆಲಕ್ಕೆ ಹೇಳಿ ಮಾಡಿಸಿದಂತಿದೆ. ಕೇತನ್ ಮೆಹ್ತಾ ಅವರ ‘ಮಿರ್ಚ್ ಮಸಾಲಾ’ 1987ರಲ್ಲಿ ತೆರೆಕಂಡಿತು, ಸ್ಮಿತಾ ಪಾಟೀಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ಬ್ರಿಟಿಷರ ಕಾಲದ ಸುಬೇದಾರನೊಬ್ಬ ಸೋನ್‌ಬಾಯಿ ತನಗೆ ಬೇಕೆನ್ನುತ್ತಾನೆ. ಅವಳು ಮೆಣಸಿನಕಾಯಿ ಕುಟ್ಟುವ ಕಾರ್ಖಾನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಊರಿನ ಗಂಡಸರು ಪಂಚಾಯಿತಿ ಸೇರಿಸಿ, ಊರು ಉಳಿಯಬೇಕಾದರೆ ಒಬ್ಬಳನ್ನು ಕೊಟ್ಟುಬಿಡೋಣ ಎನ್ನುತ್ತಾರೆ. ಒಳಗಿನ ಹೆಂಗಸರಲ್ಲೂ ಅವಳ ಮೇಲೆ ಸಿಟ್ಟಾದವರಿದ್ದಾರೆ. ನಿನ್ನಿಂದ ನಮಗೇಕೆ ಗಂಡಾಂತರ ಎಂದು ಕೇಳುವವರಿದ್ದಾರೆ. ಆದರೂ ಕೊನೆಗೆ ಬಾಗಿಲು ಮುರಿದು ಬಂದ ಸುಬೇದಾರನ ಕಣ್ಣಿಗೆ ಖಾರದ ಪುಡಿ ಎರಚುವವರು ಆ ಹೆಂಗಸರೇ. ದಿನವೂ ತಮ್ಮ ಕೈ ಸುಡುತ್ತಿದ್ದ, ಉಸಿರು ಕಟ್ಟಿಸುತ್ತಿದ್ದ ಸರಕನ್ನೇ ಅವರು ಆಯುಧ ಮಾಡಿಕೊಳ್ಳುತ್ತಾರೆ.

ಮೆಣಸಿನಕಾಯಿ ಬಿಡಿಸಿ, ಒಣಗಿಸಿ, ತೊಟ್ಟು ಮುರಿದು, ರಾತ್ರಿ ಕೈ ಉರಿಗೆ ನಿದ್ದೆ ಬಾರದ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ! ಅವರಿಗೆ ಈ ಚಿತ್ರದ ಒಂದೊಂದು ಚೌಕಟ್ಟೂ ಮೈಗೆ ತಿಳಿಯುತ್ತದೆ. ಇಂಥದನ್ನು ಬಳ್ಳಾರಿಯಲ್ಲಿ, ಕನ್ನಡದಲ್ಲಿ ಯಾರೂ ಮಾಡಲಿಲ್ಲ. ತೇಜಸ್ವಿಯವರ ಕಥೆಯಿಂದ ಸುಮನಾ ಕಿತ್ತೂರು 2016ರಲ್ಲಿ ಮಾಡಿದ ‘ಕಿರಗೂರಿನ ಗಯ್ಯಾಳಿಗಳು’ ಹತ್ತಿರ ಬಂತು. ಅಲ್ಲಿಯೂ ಹೆಂಗಸರು ಗುಂಪಾಗಿಯೇ ತಿರುಗಿ ಬೀಳುತ್ತಾರೆ, ನಗುತ್ತ ನಗಿಸುತ್ತ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಸಿನಿಮಾದ ಹೊರಗೆ ನಡೆದ ಹೋರಾಟಗಳು ಇನ್ನೂ ದೊಡ್ಡವು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಸಾವಿರಾರು ಹೆಂಗಸರು ಯಾವ ದೊಡ್ಡ ನಾಯಕರೂ ಇಲ್ಲದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ರಾಯಚೂರು ಮತ್ತು ಸುತ್ತಲಿನ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಓಬವ್ವನ ಕೋಟೆಯ ಊರಿನಿಂದಲೇ ಆ ನಡಿಗೆ ಹೊರಟಿತು. ಕುಡಿದು ಹೊಡೆಯುವ ಗಂಡನ ದೃಶ್ಯ ನೂರಾರು ಸಿನಿಮಾಗಳಲ್ಲಿದೆ. ಹೊಡೆಸಿಕೊಂಡವಳು ಬುತ್ತಿ ಕಟ್ಟಿಕೊಂಡು ವಿಧಾನಸೌಧದ ಕಡೆ ನಡೆದ ಈ ದೃಶ್ಯ ಒಂದು ಕಥಾಚಿತ್ರವಾಗಿಯೂ ಬರಲಿಲ್ಲ.

ದೇವದಾಸಿ ಮಹಿಳೆಯರ ವಿಮೋಚನಾ ಸಂಘದ ಹೆಂಗಸರದ್ದು ಇನ್ನೂ ನಿಧಾನದ ಕೆಲಸ. ಪಿಂಚಣಿ ಹೆಚ್ಚಿಸಿ, ಪಟ್ಟಿಯಿಂದ ಬಿಟ್ಟುಹೋದವರನ್ನು ಸೇರಿಸಿ, ಭೂಮಿ ಕೊಡಿ, ನಮ್ಮ ಮಕ್ಕಳ ಅರ್ಜಿಯಲ್ಲಿ ತಂದೆಯ ಹೆಸರು ಕೇಳಬೇಡಿ ಎಂದು ಜಿಲ್ಲಾಧಿಕಾರಿ ಕಚೇರಿಗಳ ಮುಂದೆ ವರ್ಷ ವರ್ಷವೂ ಕೂತಿದ್ದಾರೆ. 2025ರಲ್ಲಿ ರಾಜ್ಯ ವಿಧಾನಮಂಡಲ ಹೊಸ ದೇವದಾಸಿ ಮಸೂದೆಯನ್ನು ಒಪ್ಪಿದಾಗ ಮಕ್ಕಳ ಹಕ್ಕಿನ ಈ ಪ್ರಶ್ನೆ ಅದರೊಳಗೆ ಬಂತು. ಚಂದ್ರಾ ತೆರೆಯ ಮೇಲೆ ಸತ್ತಳು. ಅವಳ ಅಕ್ಕತಂಗಿಯರು ಹೊಸಪೇಟೆ, ಕೂಡ್ಲಿಗಿ, ಬಳ್ಳಾರಿಯ ಬಿಸಿಲಲ್ಲಿ ಕೂತು ಗೆದ್ದರು.

ಕ್ಯಾಮೆರಾಕ್ಕೇ ತಿರುಗಿ ಉತ್ತರ ಕೊಟ್ಟ ಹೆಂಗಸರೂ ಇದ್ದಾರೆ. 2010ರಲ್ಲಿ ಹೊರದೇಶದ ಸಂಸ್ಥೆಯೊಂದು ಸಾಂಗ್ಲಿ ಮತ್ತು ಉತ್ತರ ಕರ್ನಾಟಕದ ದೇವದಾಸಿಯರ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ಜಾಲತಾಣದಲ್ಲಿ ಹಾಕಿತು. ಅದರಲ್ಲಿ ಅವರ ಮುಖ, ಅವರ ಕಾಯಿಲೆ, ಅವರ ದೇವರು ಎಲ್ಲವೂ ಬಯಲಾಗಿತ್ತು. ಸಾಂಗ್ಲಿಯ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ನ ಹೆಂಗಸರು, ಅವರಲ್ಲಿ ನಮ್ಮ ಕಡೆಯಿಂದ ಹೋದವರೂ ಬಹಳ, ಆ ಚಿತ್ರ ನೋಡಿ ಸುಮ್ಮನಿರಲಿಲ್ಲ. ತಮ್ಮದೇ ವಿಡಿಯೋ ಮಾಡಿ ಉತ್ತರಿಸಿದರು. ನಮ್ಮನ್ನು ಕೇಳದೆ ನಮ್ಮ ಬದುಕನ್ನು ಜಗತ್ತಿಗೆ ಹೀಗೆ ತೋರಿಸಲು ನೀವು ಯಾರು ಎಂಬುದು ಅವರ ಪ್ರಶ್ನೆಯ ಸಾರ. ದಬ್ಬಾಳಿಕೆಯನ್ನು ಚಿತ್ರಿಸುವುದೇ ಒಂದು ದಬ್ಬಾಳಿಕೆ ಆಗಬಹುದೆಂದು ಸಿನಿಮಾದವರಿಗೆ ಕಲಿಸಲು ಇದಕ್ಕಿಂತ ದೊಡ್ಡ ಪಾಠ ನನಗೆ ತಿಳಿದಿಲ್ಲ. ತಮ್ಮ ಕಥೆಯನ್ನು ತಾವೇ ಹೇಳಿದವರು ನಮ್ಮಲ್ಲೂ ಇದ್ದಾರೆ. ಕುರುಗೋಡು ಬಳಿಯ ಕಲ್ಲುಕಂಬದಲ್ಲಿ ಹುಟ್ಟಿ, ಮನೆಯಿಂದ ಹೊರದೂಡಲ್ಪಟ್ಟು, ಜೋಗತಿ ಕುಣಿತದಿಂದ ಬದುಕು ಕಟ್ಟಿಕೊಂಡ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಅವರ ಕಥೆಯನ್ನು ಹೇಳುವ ಹಕ್ಕು ಮೊದಲು ಅವರದು. ಅವರು ಹೇಳಿದ್ದಾರೆ ಕೂಡ, ಪುಸ್ತಕದಲ್ಲಿ, ವೇದಿಕೆಯಲ್ಲಿ, ತಮ್ಮದೇ ಧ್ವನಿಯಲ್ಲಿ.

ದುಃಖವೇ ಜನರ ಮನ ಕರಗಿಸುವುದು, ಸಂಘ ಕಟ್ಟುವುದು ಅರ್ಜಿ ಬರೆಯುವುದು ಸಿನಿಮಾ ಆಗುತ್ತದೆಯೇ ಎಂದು ಸಿನಿಮಾದವರು ಕೇಳುತ್ತಾರೆ. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಎರಡೂವರೆ ಗಂಟೆ ಜನರನ್ನು ಕೂರಿಸುವ ಕಷ್ಟ ಅವರಿಗೇ ಗೊತ್ತು. ಆದರೆ ಉತ್ತರ ಅವರ ಕಣ್ಣೆದುರೇ ಇದೆ. 2018ರಲ್ಲಿ ಬಂದ ‘ಹೆಬ್ಬೆಟ್ ರಾಮಕ್ಕ’ ಮೀಸಲಾತಿಯಿಂದ ಜಿಲ್ಲಾ ಪಂಚಾಯಿತಿ ಅಧ್ಯಕ್ಷೆಯಾದ ಅನಕ್ಷರಸ್ಥೆಯ ಕಥೆ. ಕುರ್ಚಿಯಲ್ಲಿ ಹೆಂಡತಿ, ಅಧಿಕಾರದಲ್ಲಿ ಗಂಡ. ನಮ್ಮ ಯಾವ ಪಂಚಾಯಿತಿಯಲ್ಲಿ ಇದು ಇಲ್ಲ? ರಾಮಕ್ಕ ನಿಧಾನವಾಗಿ ಸಹಿಯ ಬೆಲೆ ಕಲಿಯುತ್ತಾಳೆ. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮಂಸೋರೆ ಅವರ 2020ರ ‘ಆಕ್ಟ್ 1978’ರಲ್ಲಿ ಗರ್ಭಿಣಿ ಗೀತಾ ಸರ್ಕಾರಿ ಕಚೇರಿಯನ್ನೇ ಒತ್ತೆಯಾಗಿ ಇಟ್ಟುಕೊಳ್ಳುತ್ತಾಳೆ. ಅಲ್ಲಿ ಖಳನಾಯಕ ಒಬ್ಬ ದುಷ್ಟ ಗಂಡಸಲ್ಲ, ನಾಳೆ ಬಾ ಎನ್ನುವ ಇಡೀ ವ್ಯವಸ್ಥೆ. ಕಚೇರಿ ಅಲೆದ ಪ್ರತಿ ಹೆಂಗಸಿಗೂ ಆ ಚಿತ್ರ ತನ್ನದೆನಿಸಿತು.

ಇವೆಲ್ಲಕ್ಕಿಂತ ನನಗೆ ಭರವಸೆ ಕೊಟ್ಟದ್ದು ‘ಶಿವಮ್ಮ ಯರೇಹಂಚಿನಾಳ’. ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯಲ್ಲಿ, ಅಲ್ಲಿಯ ಜನರನ್ನೇ ಕಟ್ಟಿಕೊಂಡು ಜೈಶಂಕರ್ ಆರ್ಯರ್ ಮಾಡಿದ ಚಿತ್ರ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, 2024ರಲ್ಲಿ ಇಲ್ಲಿ ತೆರೆಕಂಡಿತು. ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಗಂಡ ಹಾಸಿಗೆ ಹಿಡಿದಿದ್ದಾನೆ, ಸಾಲವಿದೆ. ಆರೋಗ್ಯದ ಪುಡಿ ಮಾರುವ ಒಂದು ಜಾಲದ ವ್ಯಾಪಾರಕ್ಕೆ ದುಡ್ಡು ಹಾಕಿ, ಊರೆಲ್ಲ ಅದನ್ನು ಮಾರಲು ಹೊರಡುತ್ತಾಳೆ. ಅವಳು ತಪ್ಪು ಮಾಡುತ್ತಾಳೆ, ಹಟ ಮಾಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಬಿಡುವುದಿಲ್ಲ. ನಮ್ಮ ಕರುಣೆಯನ್ನು ಅವಳು ಬೇಡುವುದೇ ಇಲ್ಲ. ಶರಣಮ್ಮ ಚಟ್ಟಿಯವರ ನಡಿಗೆಯಲ್ಲಿ, ಆ ಉತ್ತರ ಕರ್ನಾಟಕದ ಮಾತಿನಲ್ಲಿ ನಮ್ಮ ಹೊಲಗೇರಿಯ, ನಮ್ಮ ಸಂಘದ, ನಮ್ಮ ಸಂತೆಯ ಹೆಂಗಸನ್ನು ಮೊದಲ ಸಲ ಪೂರ್ತಿಯಾಗಿ ನೋಡಿದಂತಾಯಿತು. ಬೇಸರದ ಸಂಗತಿ ಎಂದರೆ ಇಂಥ ಚಿತ್ರ ನಮ್ಮ ಕಡೆಯ ಥಿಯೇಟರಿನಲ್ಲಿ ನಿಲ್ಲುವುದಿಲ್ಲ. ಯಾರಿಗಾಗಿ ಮಾಡಿದರೋ ಅವರಿಗೆ ತಲುಪುವ ಮೊದಲೇ ಹೋಗಿಬಿಡುತ್ತದೆ.

ಅದಕ್ಕಾಗಿ ಎರಡು ಮಾತು. ಚಲನಚಿತ್ರ ಅಕಾಡೆಮಿ ಮತ್ತು ನಮ್ಮ ಜಿಲ್ಲಾಡಳಿತ ಮನಸ್ಸು ಮಾಡಿದರೆ ರೂಪನಗುಡಿ, ಕುರುಗೋಡು, ಸಿರುಗುಪ್ಪದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ‘ಫಣಿಯಮ್ಮ’, ‘ಹಸೀನಾ’, ‘ಹೆಬ್ಬೆಟ್ ರಾಮಕ್ಕ’, ‘ಶಿವಮ್ಮ’ಗಳನ್ನು ತೋರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಸ್ವಸಹಾಯ ಸಂಘಗಳ ಹೆಂಗಸರೇ ಅದನ್ನು ನಡೆಸಲಿ, ನೋಡಿದ ಮೇಲೆ ಅವರೇ ಮಾತಾಡಲಿ. ಇನ್ನು ಸಿನಿಮಾ ಮಾಡುವ ಗೆಳೆಯರೇ, ಗೆಳತಿಯರೇ, ಬಳ್ಳಾರಿಗೆ ಗಣಿಯ ಕೆಂಧೂಳು ಮತ್ತು ಬಂದೂಕು ಹುಡುಕಿಕೊಂಡು ಬಂದದ್ದು ಸಾಕು. ಹೆಂಗಸರು ಕೂಲಿಗೆ ಹೊರಡುವ ಹೊತ್ತಿಗೆ ಬನ್ನಿ, ಅವರ ಜೊತೆ ಕೂತು ಕೇಳಿ. ಬರೆದ ಚಿತ್ರಕಥೆಯನ್ನು ಕ್ಯಾಮೆರಾ ಹೊರಡಿಸುವ ಮೊದಲು ಅವರಿಗೆ ಓದಿ ಹೇಳಿ. ಅವರು ಬೇಡವೆಂದ ದೃಶ್ಯವನ್ನು ತೆಗೆದುಹಾಕಿ.